ಬರಲಿರುವ ಯಂತ್ರದ ಸುದ್ದಿಯೂ ಇಂದಿನ ಖರೀದಿಯ ಲೆಕ್ಕವೂ

"ಇನ್ನೊಂದ್ ನಾಕ್ ತಿಂಗಳು ತಡೀರಿ, ಹೊಸಾ ಮಾಡೆಲ್ ಬರ್ತೈತಂತ, ಅರ್ಧಾ ರೇಟಿಗೆ ಸಿಗತೈತಿ." ಕೊಪ್ಪೀಕರ ರಸ್ತೆಯ ಅಂಗಡಿಗಳಲ್ಲಿ, ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ, ಗೋಕುಲ ರಸ್ತೆ ಮತ್ತು ತಾರಿಹಾಳದ ಕಾರ್ಖಾನೆಗಳ ಕಚೇರಿಗಳಲ್ಲಿ ಗಣಕಯಂತ್ರ ಖರೀದಿಯ ಮಾತು ಬಂದಾಗಲೆಲ್ಲ ಈ ವಾಕ್ಯವು ಯಾವುದಾದರೊಂದು ರೂಪದಲ್ಲಿ ಕೇಳಿಬರುತ್ತದೆ. ಈಚೆಗೆ ಇದಕ್ಕೆ ಇನ್ನೊಂದು ಸೇರಿಕೊಂಡಿದೆ: "ಇನ್ನು ಮುಂದೆ ಮೇಜಿನ ಮೇಲೆ ಗಣಕಯಂತ್ರವೇ ಬೇಡವಂತೆ, ಪುಸ್ತಕದಷ್ಟು ಚಿಕ್ಕ ಪೆಟ್ಟಿಗೆ ಸಾಕಂತೆ, ಉಳಿದದ್ದೆಲ್ಲ ಬೇರೆಲ್ಲಿಯೋ ಇರುತ್ತದಂತೆ." ಈ ಎರಡು 'ಅಂತೆ'ಗಳನ್ನು ವ್ಯಾಪಾರಸ್ಥನು ತನ್ನ ಲೆಕ್ಕದಲ್ಲಿ ಎಲ್ಲಿ ಇರಿಸಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಈ ಪ್ರಶ್ನೆಗೆ ಈಗ ಮಹತ್ವ ಬಂದಿರುವುದಕ್ಕೆ ಕಾರಣವಿದೆ. ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಸುರಕ್ಷತಾ ಪರಿಷ್ಕರಣೆಗಳನ್ನು ನಿಲ್ಲಿಸಿತು. ಸೀಮಿತ ಅವಧಿಯ ವಿಸ್ತರಣೆಯ ಯೋಜನೆಯೊಂದನ್ನು ಪ್ರಕಟಿಸಿದೆಯಾದರೂ ಅದು ಶಾಶ್ವತ ಪರಿಹಾರವಲ್ಲ. ವಿಂಡೋಸ್ 11 ಓಡಲು ಟಿ.ಪಿ.ಎಂ. 2.0 ಎಂಬ ಸುರಕ್ಷತಾ ವ್ಯವಸ್ಥೆ ಮತ್ತು ನಿರ್ದಿಷ್ಟ ತಲೆಮಾರಿನ ನಂತರದ ಪ್ರೊಸೆಸರ್ ಬೇಕು. ಹೀಗಾಗಿ ಏಳೆಂಟು ವರ್ಷ ಹಿಂದೆ ಕೊಂಡ, ಇಂದಿಗೂ ಸರಿಯಾಗಿಯೇ ಓಡುತ್ತಿರುವ ಅನೇಕ ಯಂತ್ರಗಳು ಬದಲಾವಣೆಯ ಪಟ್ಟಿಗೆ ಸೇರಿವೆ. ಬ್ಯಾಂಕಿನ ವ್ಯವಹಾರ, ಜಿ.ಎಸ್.ಟಿ. ವಿವರಪತ್ರ, ಇ-ಇನ್‌ವಾಯ್ಸ್ ಎಲ್ಲವೂ ಅದೇ ಯಂತ್ರದಿಂದ ನಡೆಯುವಾಗ ಸುರಕ್ಷತೆ ಇಲ್ಲದ ಯಂತ್ರವನ್ನು ಇಟ್ಟುಕೊಂಡು ವದಂತಿಗಾಗಿ ಕಾಯುವುದು ಬಾಗಿಲ ಚಿಲಕ ಮುರಿದ ಗೋದಾಮಿನಲ್ಲಿ ಹೊಸ ಬೀಗದ ಜಾಹೀರಾತು ನೋಡುತ್ತ ಕುಳಿತಂತೆ.

ಸಿಂಪ್ಯೂಟರ್ ಕಲಿಸಿದ ಪಾಠ

ಘೋಷಣೆಗೂ ಸರಕಿಗೂ ಇರುವ ಅಂತರಕ್ಕೆ ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ನಮ್ಮ ಬೆಂಗಳೂರಿನಲ್ಲೇ 1998ರ ಅಕ್ಟೋಬರ್‌ನಲ್ಲಿ ನಡೆದ ವಿಚಾರಗೋಷ್ಠಿಯೊಂದರ ಸಂದರ್ಭದಲ್ಲಿ ಸಿಂಪ್ಯೂಟರ್‌ನ ಕಲ್ಪನೆ ಹುಟ್ಟಿತು. ಸರಳ, ಅಗ್ಗ, ಬಹುಭಾಷಿಕ ಎಂಬ ಅರ್ಥದ ಇಂಗ್ಲಿಷ್ ಪದಗಳಿಂದ ಆ ಹೆಸರನ್ನು ಕಟ್ಟಲಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ ಹರಿಹರನ್ ಮತ್ತು ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ಸಿಂಪ್ಯೂಟರ್ ಟ್ರಸ್ಟ್ ರಚಿಸಿದರು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರವನ್ನು ಪ್ರದರ್ಶಿಸಲಾಯಿತು. ಅಂಗೈಯಲ್ಲಿ ಹಿಡಿಯುವ ಯಂತ್ರ, ಕಡ್ಡಿಯಿಂದ ಮುಟ್ಟಿ ನಡೆಸುವ ಪರದೆ, ಲಿನಕ್ಸ್ ವ್ಯವಸ್ಥೆ, ಒಂದೇ ಯಂತ್ರವನ್ನು ಹಳ್ಳಿಯ ಹಲವರು ಬಳಸಲು ಅನುವಾಗುವ ಸ್ಮಾರ್ಟ್ ಕಾರ್ಡ್, ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ. ಬೆಲೆ ಸುಮಾರು ಒಂಬತ್ತು ಸಾವಿರ ರೂಪಾಯಿ ಎಂಬ ಮಾತು ಪತ್ರಿಕೆಗಳಲ್ಲೆಲ್ಲ ಹಬ್ಬಿತು. ಅಮೆರಿಕದ ಪತ್ರಿಕೆಗಳೂ ಇದನ್ನು ಹೊಗಳಿದವು.

ಮಾರುಕಟ್ಟೆಗೆ ಅದು ವಾಣಿಜ್ಯ ಸರಕಾಗಿ ಬಂದದ್ದು 2004ರ ಮಾರ್ಚ್‌ನಲ್ಲಿ. ಪಿಕೊಪೇಟಾ ಸಂಸ್ಥೆ ರೂಪಿಸಿದ 'ಅಮಿಡಾ' ಮಾದರಿಯನ್ನು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ಕಪ್ಪು-ಬಿಳುಪು ಪರದೆಯದಕ್ಕೆ ಹತ್ತು ಸಾವಿರಕ್ಕೆ ತುಸು ಕಡಿಮೆ; ಬಣ್ಣದ ಪರದೆಯದಕ್ಕೆ ಇಪ್ಪತ್ತು ಸಾವಿರದ ಸಮೀಪ. ಐವತ್ತು ಸಾವಿರ ಯಂತ್ರಗಳ ಮಾರಾಟದ ನಿರೀಕ್ಷೆಯಿತ್ತು. 2005ರ ಹೊತ್ತಿಗೆ ಸುಮಾರು ನಾಲ್ಕು ಸಾವಿರ ಮಾತ್ರ ಮಾರಾಟವಾಗಿದ್ದವು. ಕರ್ನಾಟಕದ ಭೂದಾಖಲೆಗಳ 'ಭೂಮಿ' ಯೋಜನೆಯಲ್ಲಿ ಪ್ರಯೋಗಕ್ಕೂ ಬಳಕೆಯಾದ ಯಂತ್ರ ಅದು.

ಯಂತ್ರವು ಕೆಟ್ಟದ್ದಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕೈಯಲ್ಲಿ ಓರೆ ಮಾಡಿದರೆ ಅದನ್ನು ಗುರುತಿಸುವ ಸೌಲಭ್ಯ ಅಮಿಡಾದಲ್ಲಿತ್ತು. ಮೊಬೈಲ್ ಫೋನುಗಳಲ್ಲಿ ಅದು ಸಾಮಾನ್ಯವಾದದ್ದು ವರ್ಷಗಳ ನಂತರ. ತೊಡಕು ಬೇರೆ ಕಡೆ ಇತ್ತು. ಘೋಷಣೆಯಿಂದ ಸರಬರಾಜಿನವರೆಗಿನ ಮೂರು ವರ್ಷಗಳಲ್ಲಿ ಉಳಿದ ಮಾರುಕಟ್ಟೆಯು ನಿಂತು ಕಾಯಲಿಲ್ಲ. ಮೊಬೈಲ್ ಫೋನು ಅಗ್ಗವಾಯಿತು, ಸಾಧಾರಣ ಮೇಜಿನ ಗಣಕಯಂತ್ರದ ಬೆಲೆಯೂ ಇಳಿಯಿತು. ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ವಸ್ತುವಿನ ಘಟಕ ವೆಚ್ಚ ಇಳಿಯುವುದಿಲ್ಲ, ಘಟಕ ವೆಚ್ಚ ಇಳಿಯದೆ ಬೇಡಿಕೆ ಏರುವುದಿಲ್ಲ ಎಂಬ ಸುಳಿಯನ್ನು ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ವಿವರಿಸಬೇಕಾಗಿಲ್ಲ. 2001ರಲ್ಲಿ ಆ ಸುದ್ದಿಯನ್ನು ಓದಿ "ಅದೇ ಬರಲಿ" ಎಂದು ಖರೀದಿ ಮುಂದೂಡಿದವನಿಗೆ ಆದದ್ದೇನು? ಮೂರು ವರ್ಷ ಕೈಬರಹದ ಖಾತೆ. ಕೊನೆಗೆ ತನ್ನ ಕೆಲಸಕ್ಕೆ ಹೊಂದದ ಯಂತ್ರ. ಏಕೆಂದರೆ ಸಿಂಪ್ಯೂಟರ್ ಅಂಗಡಿಯ ಬಿಲ್ಲಿಂಗಿಗಾಗಿ ರೂಪಿತವಾದದ್ದೇ ಅಲ್ಲ.

2009ರ ಫೆಬ್ರುವರಿಯಲ್ಲಿ ತಿರುಪತಿಯಲ್ಲಿ ನಡೆದದ್ದು ಇದಕ್ಕಿಂತ ವಿಚಿತ್ರ. ಹತ್ತು ಡಾಲರಿನ ಲ್ಯಾಪ್‌ಟಾಪ್ ಬರುತ್ತದೆಂದು ಜಗತ್ತೇ ಕಾದಿತ್ತು. ಅನಾವರಣಗೊಂಡದ್ದು ಪಾಠಗಳನ್ನು ಶೇಖರಿಸಿಡುವ ಒಂದು ಸಾಧನ, ಲ್ಯಾಪ್‌ಟಾಪ್ ಅಲ್ಲ.

ಈಗಿನ ಸುದ್ದಿಗಳು

2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ನಮ್ಮ ರಾಜ್ಯದ ಕಿಯೋನಿಕ್ಸ್ 'ಕಿಯೋ' ಎಂಬ ಪುಟ್ಟ ಗಣಕಯಂತ್ರವನ್ನು ಅನಾವರಣಗೊಳಿಸಿತು. ಪ್ರಕಟಿತ ಬೆಲೆ 18,999 ರೂಪಾಯಿ. ಇದರಲ್ಲಿರುವುದು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್, ಲಿನಕ್ಸ್ ಆಧಾರಿತ ವ್ಯವಸ್ಥೆ. ವಿದ್ಯಾರ್ಥಿಗಳನ್ನೂ ಸಣ್ಣ ಉದ್ದಿಮೆಗಳನ್ನೂ ಉದ್ದೇಶಿಸಿದ ಸ್ವಾಗತಾರ್ಹ ಪ್ರಯತ್ನವಿದು. ಆದರೆ ವ್ಯಾಪಾರಸ್ಥನು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, "ನನ್ನ ಲೆಕ್ಕದ ತಂತ್ರಾಂಶ ಇದರಲ್ಲಿ ಓಡುತ್ತದೆಯೇ?" ಎಂಬುದು. ನಮ್ಮಲ್ಲಿ ಬಹುಪಾಲು ಅಂಗಡಿಗಳು ಬಳಸುವ ಟ್ಯಾಲಿಯಂತಹ ತಂತ್ರಾಂಶಗಳು ವಿಂಡೋಸ್‌ಗಾಗಿ, ಇಂಟೆಲ್ ಬಗೆಯ ಪ್ರೊಸೆಸರ್‌ಗಾಗಿ ರಚಿತವಾದವು. ಬೇರೆ ಬಗೆಯ ಪ್ರೊಸೆಸರ್ ಮೇಲೆ, ಲಿನಕ್ಸ್‌ನಲ್ಲಿ ಅವು ನೇರವಾಗಿ ಓಡುವುದಿಲ್ಲ. ಹಾಗೆಂದು ಇಂತಹ ಯಂತ್ರ ನಿರುಪಯುಕ್ತವೆಂದಲ್ಲ. ಲೆಕ್ಕದ ತಂತ್ರಾಂಶ ಬೇರೊಂದು ಸರ್ವರ್‌ನಲ್ಲಿದ್ದು ಅದರ ಪರದೆಯನ್ನಷ್ಟೇ ಇಲ್ಲಿ ನೋಡುವುದಾದರೆ ಇದೇ ಯಂತ್ರ ಸಾಕಾಗಬಹುದು. ಅದೇ ಥಿನ್ ಕ್ಲೈಂಟ್ ಪದ್ಧತಿ.

ಬೆಲೆಯ ವಿಷಯದಲ್ಲಿಯೂ ಒಂದು ನಂಬಿಕೆಯನ್ನು ಪರಿಶೀಲಿಸಬೇಕಾಗಿದೆ. ಗಣಕಯಂತ್ರದ ಬೆಲೆ ಸದಾ ಇಳಿಯುತ್ತದೆ, ಕಾದವನೇ ಜಾಣ ಎಂಬುದು ಬಹುಕಾಲ ನಿಜವಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು, ಕಾದವನಿಗೆ ನಷ್ಟವಾಯಿತು. ಅದಕ್ಕೂ ಮೊದಲು 2023ರ ಆಗಸ್ಟ್ 3ರಂದು ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮುಂತಾದವುಗಳ ಆಮದಿಗೆ ಪರವಾನಗಿ ಕಡ್ಡಾಯವೆಂದು ಒಮ್ಮೆಲೇ ಪ್ರಕಟಿಸಿ, ಮರುದಿನವೇ ಜಾರಿಯನ್ನು ಅಕ್ಟೋಬರ್ 31ರವರೆಗೆ ಮುಂದೂಡಿತು. ಆ ದಿನಗಳಲ್ಲಿ ಬೆಲೆ ಏರುತ್ತದೆಂಬ ಭೀತಿಯಿಂದ ಕೊಂಡವರೂ, ಇಳಿಯುತ್ತದೆಂದು ಕಾದವರೂ ಊಹೆಯ ಮೇಲೆಯೇ ನಡೆದಿದ್ದರು. ಎರಡೂ ದಿಕ್ಕಿನಲ್ಲಿ ಊಹೆಗೆ ಸಮಾನ ಬೆಲೆ.

ಥಿನ್ ಕ್ಲೈಂಟ್ ಎಂದರೇನು, ಯಾರಿಗೆ ಲಾಭ

ಕಲ್ಪನೆ ಹೊಸದಲ್ಲ. ರೈಲ್ವೆ ಮುಂಗಡ ಟಿಕೆಟ್ ಕಿಟಕಿಯನ್ನು ನೆನೆಯಿರಿ. ಗುಮಾಸ್ತರ ಮುಂದಿನ ಪರದೆ-ಕೀಲಿಮಣೆಯಲ್ಲಿ ಆಸನಗಳ ಲೆಕ್ಕವೇನೂ ಇರುತ್ತಿರಲಿಲ್ಲ. ಅದೆಲ್ಲ ದೂರದ ದೊಡ್ಡ ಗಣಕಯಂತ್ರದಲ್ಲಿ. ಪರದೆ ಕೆಟ್ಟರೆ ಬೇರೆ ತಂದು ಜೋಡಿಸಿದರೆ ಸಾಕು, ಲೆಕ್ಕ ಹಾಗೆಯೇ ಉಳಿಯುತ್ತದೆ. 1995ರಲ್ಲಿ ಒರಾಕಲ್ ಸಂಸ್ಥೆಯ ಲ್ಯಾರಿ ಎಲಿಸನ್ 500 ಡಾಲರಿನ 'ನೆಟ್‌ವರ್ಕ್ ಕಂಪ್ಯೂಟರ್' ಬರುತ್ತದೆಂದು ಸಾರಿದಾಗ ಇದೇ ಕಲ್ಪನೆಗೆ ಹೊಸ ಉಡುಪು ತೊಡಿಸಲಾಗಿತ್ತು. ಅದು ಸೋತದ್ದಕ್ಕೆ ಮುಖ್ಯ ಕಾರಣ, ಕೆಲವೇ ವರ್ಷಗಳಲ್ಲಿ ಪೂರ್ಣ ಗಣಕಯಂತ್ರದ ಬೆಲೆಯೇ ಆ ಮಟ್ಟಕ್ಕೆ ಇಳಿದದ್ದು. ನೆರೆಯ ಚೆನ್ನೈನ ನೊವಾಟಿಯಂ ಸಂಸ್ಥೆಯು 2000ದ ದಶಕದಲ್ಲಿ ಇದೇ ಬಗೆಯ ಅಗ್ಗದ ಟರ್ಮಿನಲ್ ತಂದಿತು. 2025ರ ಜುಲೈನಲ್ಲಿ ಜಿಯೋ ಸಂಸ್ಥೆ ಆರಂಭಿಸಿದ 'ಜಿಯೋ ಪಿಸಿ'ಯಲ್ಲಿ ಮನೆಯ ಸೆಟ್-ಟಾಪ್ ಪೆಟ್ಟಿಗೆಗೆ ಕೀಲಿಮಣೆ ಜೋಡಿಸಿ, ಟಿ.ವಿ.ಯ ಮೇಲೆಯೇ ದೂರದ ಗಣಕಯಂತ್ರವನ್ನು ಬಾಡಿಗೆಗೆ ಬಳಸುವ ವ್ಯವಸ್ಥೆ ಇದೆ.

ಈಗ ಅಂಕಿಗಳಿಗೆ ಬರೋಣ. ಕೆಳಗಿನವು ಲೆಕ್ಕದ ವಿಧಾನ ತೋರಿಸಲು ನಾನು ಊಹಿಸಿಕೊಂಡ ದರಗಳು. ಓದುಗರು ತಮ್ಮ ಕೊಟೇಶನ್‌ಗಳಲ್ಲಿನ ದರ ಹಾಕಿಕೊಳ್ಳಬೇಕು. ಒಂದು ಪೂರ್ಣ ಗಣಕಯಂತ್ರ, ಪರದೆ, ಪರವಾನಗಿ, ಸಣ್ಣ ಯು.ಪಿ.ಎಸ್. ಸೇರಿ 45,000 ರೂ. ಎನ್ನೋಣ. ಥಿನ್ ಕ್ಲೈಂಟ್ ಪದ್ಧತಿಯಲ್ಲಿ ಪೆಟ್ಟಿಗೆ 12,000, ಪರದೆ-ಕೀಲಿಮಣೆ 8,000, ಸರ್ವರ್ ಬಳಸುವ ಪರವಾನಗಿ 10,000, ಒಟ್ಟು ಪ್ರತಿ ಆಸನಕ್ಕೆ 30,000 ರೂ. ಇಲ್ಲಿಗೇ ಲೆಕ್ಕ ನಿಲ್ಲಿಸಿದರೆ ಆಸನವೊಂದಕ್ಕೆ 15,000 ಉಳಿತಾಯ. ಮಾರಾಟಗಾರನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾನೆ! ಆದರೆ ಸರ್ವರ್‌ಗೆ 1,60,000, ಅದಕ್ಕೆ ತಕ್ಕ ಯು.ಪಿ.ಎಸ್. ಮುಂತಾದವಕ್ಕೆ 50,000, ಹೀಗೆ 2,10,000 ರೂ. ಸ್ಥಿರ ವೆಚ್ಚವಿದೆ. ಎಂಟು ಆಸನದ ಕಚೇರಿಗೆ ಪೂರ್ಣ ಗಣಕಯಂತ್ರಗಳಾದರೆ 3,60,000. ಥಿನ್ ಕ್ಲೈಂಟ್ ಆದರೆ 4,50,000. ಎರಡೂ ಸರಿಸಮವಾಗುವುದು ಹದಿನಾಲ್ಕು ಆಸನಗಳಿಗೆ. ಉಚಿತ ಲಿನಕ್ಸ್ ವ್ಯವಸ್ಥೆಯಲ್ಲೇ ಕೆಲಸ ಸಾಗುವುದಾದರೆ ಪರವಾನಗಿಯ 10,000 ಉಳಿದು ಒಂಬತ್ತನೆಯ ಆಸನದಿಂದಲೇ ಲಾಭ ಆರಂಭ. ವಿದ್ಯುತ್ತಿನ ಉಳಿತಾಯವನ್ನು ಬಹಳವಾಗಿ ಹೇಳುತ್ತಾರೆ. ಎಂಟು ಆಸನದ ಕಚೇರಿಯಲ್ಲಿ ಸರ್ವರ್ ಬಳಸುವ ವಿದ್ಯುತ್ತನ್ನು ಕಳೆದರೆ ಅದು ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಿಂತ ಹೆಚ್ಚಾಗದು.

ಹಾಗಾದರೆ ನಾಲ್ಕು ಆಸನದ ದಲಾಲಿ ಅಂಗಡಿಗೆ ಈ ಪದ್ಧತಿ ಬೇಡವೆನ್ನಬಹುದು. ಇಪ್ಪತ್ತು-ಇಪ್ಪತ್ತೈದು ಜನ ಪರದೆಯ ಮುಂದೆ ಕೂರುವ ಕಾರ್ಖಾನೆ, ಆಸ್ಪತ್ರೆ, ಸಹಕಾರಿ ಸಂಘಗಳಿಗೆ ಖಂಡಿತ ವಿಚಾರಾರ್ಹ. ಅಲ್ಲಿಯೂ ನನ್ನ ದೃಷ್ಟಿಯಲ್ಲಿ ಮುಖ್ಯ ಲಾಭ ಬೆಲೆಯದ್ದಲ್ಲ. ಮಾಹಿತಿ ಒಂದೇ ಕಡೆ ಇರುವುದು, ಬ್ಯಾಕಪ್ ಒಂದೇ ಕಡೆ ತೆಗೆಯುವುದು, ಪೆನ್‌ಡ್ರೈವಿನಲ್ಲಿ ಗ್ರಾಹಕರ ಪಟ್ಟಿ ಹೊರಗೆ ಹೋಗದಿರುವುದು. ಇದರ ಮರುಮುಖವನ್ನೂ ಹೇಳಬೇಕು: ಒಂದು ಗಣಕಯಂತ್ರ ಕೆಟ್ಟರೆ ಒಬ್ಬರ ಕೆಲಸ ನಿಲ್ಲುತ್ತದೆ, ಸರ್ವರ್ ಕೆಟ್ಟರೆ ಇಪ್ಪತ್ತೈದು ಜನರದ್ದು.

ಮೂರನೆಯ ದಾರಿ ಬಾಡಿಗೆಯ ಗಣಕಯಂತ್ರ. ಆಸನಕ್ಕೆ ತಿಂಗಳಿಗೆ 900 ರೂ. ಎಂದು ಹಿಡಿದರೆ ಎಂಟು ಆಸನಕ್ಕೆ ಮೂರು ವರ್ಷದಲ್ಲಿ 2,59,200; ಎರಡನೆಯ ಇಂಟರ್‌ನೆಟ್ ಸಂಪರ್ಕಕ್ಕೆ ತಿಂಗಳಿಗೆ 1,000ದಂತೆ 36,000; ಹೊಸ ಪೆಟ್ಟಿಗೆ-ಪರದೆಗಳಿಗೆ 1,60,000. ಒಟ್ಟು 4,55,200, ಅಂದರೆ ಅಗ್ಗವೇನೂ ಅಲ್ಲ. ಆದರೆ ಹೊಸ ಪೆಟ್ಟಿಗೆ ಕೊಳ್ಳದೆ, ವಿಂಡೋಸ್ 10ರ ಹಳೆಯ ಯಂತ್ರಗಳಿಗೇ ಲಿನಕ್ಸ್ ಅಳವಡಿಸಿ ಟರ್ಮಿನಲ್‌ಗಳಂತೆ ಬಳಸಿದರೆ 2,95,200ಕ್ಕೆ ಇಳಿಯುತ್ತದೆ. ಹೊಸ ಯಂತ್ರದ ವದಂತಿಗೆ ಕಿವಿಗೊಡುವ ಮೊದಲು ಮೂಲೆಯಲ್ಲಿರುವ ಹಳೆಯದನ್ನೊಮ್ಮೆ ನೋಡಬೇಕೆಂದು ಸೂಚಿಸುವುದು ಈ ಕಾರಣಕ್ಕೆ.

ಯಾವುದೇ ದಾರಿ ಹಿಡಿದರೂ ಕೊಳ್ಳುವ ಮೊದಲು ಒಂದು ಆಸನವನ್ನು ಹದಿನೈದು ದಿನ ಪ್ರಯೋಗಕ್ಕೆ ತರಿಸಿಕೊಳ್ಳಬೇಕು. ಡಿಜಿಟಲ್ ಸಹಿಯ ಯು.ಎಸ್.ಬಿ. ಟೋಕನ್ ದೂರದ ಸರ್ವರ್‌ಗೆ ಕಾಣಿಸುತ್ತದೆಯೇ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಬಿಲ್ಲು ಸಾಲು ತಪ್ಪದೆ ಬರುತ್ತದೆಯೇ, ತೂಕದ ಯಂತ್ರ ಮಾತನಾಡುತ್ತದೆಯೇ ಎಂಬ ಸಣ್ಣ ವಿಷಯಗಳಲ್ಲೇ ಇಂತಹ ಯೋಜನೆಗಳು ಮುಗ್ಗರಿಸುತ್ತವೆ.

ಕಾಯುವುದರ ವೆಚ್ಚ, ತೆರಿಗೆಯ ಲೆಕ್ಕ

ಆದಾಯ ತೆರಿಗೆಯಲ್ಲಿ ಗಣಕಯಂತ್ರದ ಸವಕಳಿ ದರವು ಮೊದಲು ಶೇ. 60 ಇದ್ದು, 2017ರ ಏಪ್ರಿಲ್ 1ರಿಂದ ಶೇ. 40 ಆಗಿದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರ ಅರ್ಧ, ಅಂದರೆ ಶೇ. 20 ಮಾತ್ರ. ಅಕ್ಟೋಬರ್ 3ರೊಳಗೆ ಬಳಕೆಗೆ ತಂದ ಯಂತ್ರಕ್ಕೆ ಪೂರ್ಣ ದರ ದೊರೆಯುತ್ತದೆ. ಮೇಲಿನ 3,60,000 ರೂ. ಯಂತ್ರಗಳನ್ನು ಆಗಸ್ಟ್‌ನಲ್ಲಿ ಕೊಂಡರೆ ಆ ವರ್ಷದ ಕಡಿತ 1,44,000. ವದಂತಿಗಾಗಿ ಡಿಸೆಂಬರ್‌ವರೆಗೆ ಕಾದರೆ 72,000. ಶೇ. 30ರ ದರದಲ್ಲಿ ತೆರಿಗೆಯ ವ್ಯತ್ಯಾಸ 21,600 ರೂ. ಇದು ಕಳೆದುಹೋಗುವ ಹಣವಲ್ಲ, ಮುಂದಿನ ವರ್ಷಗಳಿಗೆ ಸರಿಯುವ ಹಣ. ಆದರೂ ದುಡಿಯುವ ಬಂಡವಾಳದ ಅಭಾವವಿರುವವನಿಗೆ ಅದೂ ಒಂದು ವೆಚ್ಚವೇ. ಅಂದಾಜು ಆದಾಯ ಪದ್ಧತಿಯಲ್ಲಿ ವಿವರಪತ್ರ ಸಲ್ಲಿಸುವ ಸಣ್ಣ ವರ್ತಕರಿಗೆ ಪ್ರತ್ಯೇಕ ಸವಕಳಿ ಕಡಿತವಿಲ್ಲದ ಕಾರಣ ಈ ವಾದ ಅವರಿಗೆ ಅನ್ವಯಿಸದು.

'ಬುಕಿಂಗ್' ಹೆಸರಿನಲ್ಲಿ ಕೊಡುವ ಮುಂಗಡದ ಬಗ್ಗೆ ವಿಶೇಷ ಎಚ್ಚರ ಬೇಕು. ಇನ್ನೂ ತಯಾರಾಗದ ಯಂತ್ರಕ್ಕೆ ಕೊಟ್ಟ ಮುಂಗಡವು ಲೆಕ್ಕಪುಸ್ತಕದಲ್ಲಿ ಬರತಕ್ಕ ಬಾಕಿಯೇ ಹೊರತು ಯಂತ್ರವಲ್ಲ. ಅದರ ಮೇಲೆ ಸವಕಳಿ ಇಲ್ಲ. ಸರಕು ಕೈಸೇರಿ ಬಿಲ್ಲು ಬರುವವರೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ಇಲ್ಲ. ಕ್ರೆಡಿಟ್ ಪಡೆದ ಜಿ.ಎಸ್.ಟಿ. ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ ಎಂಬುದನ್ನು ಈಗಲೂ ಕೆಲವರು ಮರೆಯುತ್ತಾರೆ. ಕಾಂಪೊಸಿಷನ್ ಪದ್ಧತಿಯವರಿಗೂ ತೆರಿಗೆ ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೂ ಕ್ರೆಡಿಟ್ ದೊರೆಯದ ಕಾರಣ, ಬಾಡಿಗೆಯ ಮೇಲಿನ ಶೇ. 18 ತೆರಿಗೆಯು ಅವರ ಜೇಬಿನಿಂದಲೇ ಹೋಗುತ್ತದೆ. ಮೇಲಿನ 900 ರೂಪಾಯಿ ಅವರಿಗೆ 1,062.

ಬಾಡಿಗೆ ವ್ಯವಸ್ಥೆಯಲ್ಲಿ ಲೆಕ್ಕಪುಸ್ತಕವೇ ಬೇರೊಬ್ಬರ ಮನೆಯಲ್ಲಿರುತ್ತದೆ. ಕಂಪನಿಗಳು ತಮ್ಮ ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಕಾಯ್ದಿಡಬೇಕು, ವಿದ್ಯುನ್ಮಾನ ಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕು. 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ಜಿ.ಎಸ್.ಟಿ. ನೋಂದಾಯಿತರೆಲ್ಲರೂ ವಾರ್ಷಿಕ ವಿವರಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆ ಇಡಬೇಕು. ಬಾಡಿಗೆ ಕರಾರು ಮೂರು ವರ್ಷಕ್ಕೆ ಮುಗಿದರೆ ಉಳಿದ ವರ್ಷಗಳ ಲೆಕ್ಕ ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಕೈಗೆ ಬರುತ್ತದೆ ಎಂಬುದು ಕರಾರಿನಲ್ಲಿ ಬರೆದಿರಬೇಕು. ಮಾರಾಟಗಾರನ ಬಾಯಿಮಾತನ್ನು ತೆರಿಗೆ ಅಧಿಕಾರಿ ಒಪ್ಪುವುದಿಲ್ಲ.

ಗಣಕಯಂತ್ರಗಳನ್ನೇ ಮಾರುವ ನಮ್ಮ ಸದಸ್ಯ ಬಾಂಧವರ ಪಾಡು ಬೇರೆ. ಗಿರಾಕಿಗಳು ಸುದ್ದಿ ಕೇಳಿ ಕಾಯತೊಡಗಿದರೆ ಅಂಗಡಿಯ ದಾಸ್ತಾನು ಕೂತುಬಿಡುತ್ತದೆ. ಅಮೆರಿಕದ ಆಸ್ಬೋರ್ನ್ ಕಂಪನಿಯು 1983ರಲ್ಲಿ ದಿವಾಳಿಯಾದದ್ದಕ್ಕೆ ಹೊಸ ಮಾದರಿಯನ್ನು ಬೇಗನೆ ಸಾರಿದ್ದೇ ಕಾರಣವೆಂದು ಬಹುಕಾಲ ಹೇಳುತ್ತ ಬಂದಿದ್ದಾರೆ, ಬೇರೆ ಕಾರಣಗಳನ್ನು ಕೊಡುವವರೂ ಇದ್ದಾರೆ. ವರ್ಷಾಂತ್ಯದ ದಾಸ್ತಾನಿನ ಮೌಲ್ಯವನ್ನು ಖರೀದಿ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ಹಿಡಿಯಬೇಕು. ಆದರೆ ಬೆಲೆ ಇಳಿದಿರುವುದಕ್ಕೆ ಬಿಲ್ಲುಗಳ ಆಧಾರ ಬೇಕು. "ಇಳಿಯುತ್ತದಂತೆ" ಎಂಬುದಕ್ಕೆ ಮೌಲ್ಯ ತಗ್ಗಿಸಲಾಗದು.

ಕೊನೆಯದಾಗಿ, ಬದಲಾಯಿಸಿದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಹಾರ್ಡ್ ಡಿಸ್ಕನ್ನು ಪೂರ್ಣವಾಗಿ ಅಳಿಸಿ, ನೋಂದಾಯಿತ ಇ-ತ್ಯಾಜ್ಯ ಸಂಸ್ಕಾರಕರಿಗೇ ಕೊಡಬೇಕು. ಕ್ರೆಡಿಟ್ ಪಡೆದಿದ್ದ ಯಂತ್ರವನ್ನು ಮಾರಿದರೆ, ಪಡೆದ ಕ್ರೆಡಿಟ್‌ನಿಂದ ಪ್ರತಿ ತ್ರೈಮಾಸಿಕಕ್ಕೆ ಶೇ. 5ರಂತೆ ಕಳೆದು ಉಳಿದ ಮೊತ್ತ ಅಥವಾ ಮಾರಾಟ ಬೆಲೆಯ ಮೇಲಿನ ತೆರಿಗೆ, ಇವೆರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕಾಗುತ್ತದೆ. ಐದು ವರ್ಷ ದಾಟಿದ ಯಂತ್ರಕ್ಕೆ ಮೊದಲನೆಯದು ಸೊನ್ನೆ. ಆಗ ಮಾರಿ ಬಂದ ಬೆಲೆಯ ಮೇಲಷ್ಟೇ ತೆರಿಗೆ.